ಚುಚ್ಚಿಸಿದ ಕಿವಿಯಲ್ಲಿ ಕೀವಾದಾಗ ನಾನು ಮಾಡಿದ್ದು

ಕಿವಿ ಚುಚ್ಚಿಸಿದ ಮೊದಲ ಕೆಲವು ದಿನ ಹಾಲೆ ಕೆಂಪಾಗುವುದು, ಸ್ವಲ್ಪ ಊದಿಕೊಳ್ಳುವುದು, ಮುಟ್ಟಿದರೆ ನೋಯುವುದು ಎಲ್ಲರಿಗೂ ಇದ್ದದ್ದೇ. ತೂತಿನಿಂದ ತಿಳಿನೀರಿನಂಥದ್ದು ಒಸರಿ, ಓಲೆಯ ಸುತ್ತ ಒಣಗಿ ಹಕ್ಕಳೆ ಕಟ್ಟುತ್ತದೆ. ಹಳದಿಯಾಗಿ ಕಂಡರೂ ಅದು ಕೀವಲ್ಲ. ಕೆಂಪಿದೆ ಅಂತ ಗಾಬರಿಯಾಗುವ ಬದಲು, ನಿನ್ನೆಗಿಂತ ಜಾಸ್ತಿಯಾಗಿದೆಯಾ ಅಂತ ನೋಡಬೇಕು. ಕನ್ನಡಿಯಲ್ಲಿ ಹಾಲೆಯ ಹಿಂಭಾಗ ಕಾಣುವುದಿಲ್ಲ, ಅಲ್ವಾ? ಅದಕ್ಕೇ ನಾನು ದಿನಾ ಬೆಳಿಗ್ಗೆ ಅದೇ ಕಿಟಕಿಯ ಬೆಳಕಿನಲ್ಲಿ ಎರಡೂ ಕಿವಿಯ ಫೋಟೋ ತೆಗೆದಿಡುತ್ತಿದ್ದೆ.

ಬಲಗಿವಿ ಸರಿಹೋಗುತ್ತಾ ಬಂತು. ಎಡಗಿವಿ ಕಡಿಮೆಯಾದಂತೆ ಮಾಡಿ ಮತ್ತೆ ಕೆಂಪಾಯಿತು. ಮುಟ್ಟಿದರೆ ಬಿಸಿ, ಆ ಮಗ್ಗುಲಿಗೆ ಮಲಗಿದರೆ ಸಿಡಿಯುವ ನೋವು. ಹಕ್ಕಳೆ ನೆನೆಸಿ ತೆಗೆದಾಗ ಹಿಂದಿನಿಂದ ಗಟ್ಟಿಯಾದ, ಹಸಿರು ಕಲೆತ ಹಳದಿ ಕೀವು ಬಂತು. ವಾಸನೆಯೂ ಇತ್ತು. ಓಲೆಯ ಲೋಹದಲ್ಲಿರುವ ನಿಕ್ಕಲ್‌ನ ಅಲರ್ಜಿ ಇರಬಹುದು ಅಂತ ಮನೆಯವರೊಬ್ಬರು ಹೇಳಿದರು. ಅಲರ್ಜಿಯಲ್ಲಿ ನೋವಿಗಿಂತ ತುರಿಕೆ ಜಾಸ್ತಿ, ಚರ್ಮ ಒರಟಾಗುತ್ತದೆ, ಒಂದೇ ಥರದ ಓಲೆ ಹಾಕಿದ್ದರೆ ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತದೆ. ನನಗೆ ಇದ್ದದ್ದು ಒಂದೇ ಕಿವಿಯಲ್ಲಿ, ತುರಿಕೆ ಇಲ್ಲವೇ ಇಲ್ಲ.

ಹಿಂದಿನ ತಿರುಪು ಹಾಲೆಗೆ ಒತ್ತಿಕೊಂಡು ಕೂತಿತ್ತು. ಊದಿದ ಹಾಲೆಗೆ ಜಾಗವೇ ಇಲ್ಲ. ಸೋಪು ಹಾಕಿ ಕೈ ತೊಳೆದು, ಮೊದಲು ಅದನ್ನು ಕಡ್ಡಿಯ ತುದಿಯವರೆಗೆ ಸಡಿಲ ಮಾಡಿದೆ. ಓಲೆಯನ್ನು ಮಾತ್ರ ತೆಗೆಯಲಿಲ್ಲ. ತೆಗೆದುಬಿಡು ಅಂತ ಹೇಳುವವರೇ ಎಲ್ಲ. ಆದರೆ ತೆಗೆದರೆ ತೂತಿನ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ, ಕೀವು ಒಳಗೇ ಉಳಿದು ಕುರುವಾಗಬಹುದು. ತಿರುಪು ಚರ್ಮದೊಳಗೆ ಹೂತುಹೋಗಿದ್ದರೆ ಮಾತು ಬೇರೆ, ಅದನ್ನು ಡಾಕ್ಟರೇ ತೆಗೆಯಬೇಕು.

ಕುದಿಸಿ ಆರಿಸಿದ 240 ಮಿಲಿಲೀಟರ್ ನೀರಿಗೆ ಕಾಲು ಟೀ ಚಮಚ ಉಪ್ಪು. ಇನ್ನೂ ಹಾಕಿದರೆ ಬೇಗ ವಾಸಿಯಾಗುತ್ತದೆ ಅಂದುಕೊಳ್ಳಬೇಡಿ, ಚರ್ಮ ಒಣಗಿ ಉರಿಯುತ್ತದೆ ಅಷ್ಟೇ. ಉಗುರುಬೆಚ್ಚಗಿರುವಾಗ ಗಾಜ್ ಬಟ್ಟೆ ಅದ್ದಿ, ಹಾಲೆಯ ಹಿಂದೆ ಮುಂದೆ ಐದು ನಿಮಿಷ ಹಿಡಿಯುತ್ತಿದ್ದೆ. ಹಕ್ಕಳೆ ತಾನೇ ಮೆತ್ತಗಾಗಿ ಬರುತ್ತದೆ, ಉಗುರಿನಿಂದ ಕೆರೆಯುವುದು ಬೇಡ. ಹತ್ತಿ ಬಳಸಲಿಲ್ಲ, ಅದರ ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಒಣ ಗಾಜ್‌ನಿಂದ ಒತ್ತಿ ಒರೆಸಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸಾಕು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಎರಡನ್ನೂ ದೂರ ಇಟ್ಟೆ, ಹೊಸದಾಗಿ ಬೆಳೆಯುತ್ತಿರುವ ಚರ್ಮವನ್ನೇ ಅವು ಸುಡುತ್ತವೆ. ಓಲೆ ಅಂಟಿಕೊಳ್ಳದಿರಲಿ ಅಂತ ತಿರುಗಿಸುವ ಹಳೇ ಸಲಹೆಯನ್ನೂ ಕೇಳಲಿಲ್ಲ. ತಿರುಗಿಸಿದಷ್ಟೂ ಒಳಗಿನ ಗಾಯ ಹರಿಯುತ್ತದೆ.

ಕೀವು ಇದ್ದದ್ದರಿಂದ ಡಾಕ್ಟರಿಗೂ ತೋರಿಸಿದೆ. ಮ್ಯೂಪಿರೋಸಿನ್ ಎಂಬ ಆ್ಯಂಟಿಬಯಾಟಿಕ್ ಮುಲಾಮು ಬರೆದುಕೊಟ್ಟರು, ತೊಳೆದ ಮೇಲೆ ತೆಳ್ಳಗೆ ಸವರಲು. ದಪ್ಪಗೆ ಮೆತ್ತಿದರೆ ತೂತು ಮುಚ್ಚಿ, ಒಸರುವುದಕ್ಕೆ ದಾರಿ ಇರುವುದಿಲ್ಲ.

ಇದೆಲ್ಲ ಹಾಲೆಯ ಮಾತು. ಕಿವಿಯ ಮೇಲ್ಭಾಗದಲ್ಲಿ ಚುಚ್ಚಿಸಿ ಅಲ್ಲಿ ಊದಿ ನೋಯುತ್ತಿದ್ದರೆ ನಾನು ಉಪ್ಪುನೀರು ಹಿಡಿದು ಮನೆಯಲ್ಲಿ ಕೂರುತ್ತಿರಲಿಲ್ಲ. ಅಲ್ಲಿರುವುದು ಮೆದುಮೂಳೆ. ಅದಕ್ಕೆ ಸ್ವಂತ ರಕ್ತನಾಳ ಇಲ್ಲ, ಮೇಲೆ ಹೊದ್ದ ಪೊರೆಯಿಂದಲೇ ಬದುಕುತ್ತದೆ. ನಡುವೆ ಕೀವು ತುಂಬಿ ಪೊರೆ ಬಿಟ್ಟುಕೊಂಡರೆ ಮೂಳೆ ಸತ್ತು ಕಿವಿ ಮುದುಡಿಹೋಗುತ್ತದೆ, ಮತ್ತೆ ಮೊದಲಿನ ಆಕಾರ ಬರುವುದು ಕಷ್ಟ. ಅಲ್ಲಿ ಹೆಚ್ಚಾಗಿ ಸೇರುವುದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಎಷ್ಟೋ ಮಾಮೂಲಿ ಆ್ಯಂಟಿಬಯಾಟಿಕ್‌ಗೆ ಅದು ಜಗ್ಗುವುದಿಲ್ಲ. ಹಾಗಾಗಿ ಮನೆಯಲ್ಲಿ ಮಿಕ್ಕಿದ ಮಾತ್ರೆ ಸುಮ್ನೆ ನುಂಗಿ ಪ್ರಯೋಜನವಿಲ್ಲ. ಮೇಲ್ಭಾಗವೆಲ್ಲ ಕೆಂಪಾಗಿ ಊದಿ, ಹಾಲೆ ಮಾತ್ರ ಮಾಮೂಲಾಗಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಚುಚ್ಚಿಸಿದ್ದು ಎಲ್ಲೇ ಇರಲಿ, ಜ್ವರ, ಚಳಿ ಬಂದರೆ, ಕೆಂಪು ಕೆನ್ನೆಗೋ ಕುತ್ತಿಗೆಗೋ ಹರಡಿದರೆ ಕೂಡ ಅಷ್ಟೇ.

ನನ್ನ ಹಾಲೆಯಲ್ಲಿ ಮೊದಲು ಸಿಡಿತ ನಿಂತಿತು, ಆಮೇಲೆ ಕೀವು, ಕೊನೆಗೆ ಊತ. ಅಷ್ಟಕ್ಕೇ ಓಲೆ ಬದಲಿಸಲು ಆತುರಪಡಲಿಲ್ಲ. ಹಾಲೆಯ ತೂತು ಗಟ್ಟಿಯಾಗಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಸೋಂಕಾದರೆ ಇನ್ನೂ ಮುಂದಕ್ಕೆ ಹೋಗುತ್ತದೆ. ಪೂರ್ತಿ ವಾಸಿಯಾದ ಮೇಲೆ ಟೈಟಾನಿಯಂ ಓಲೆ ಹಾಕಿಸಿಕೊಂಡೆ. ಕಡ್ಡಿ ಸ್ವಲ್ಪ ಉದ್ದ, ಹಿಂದೆ ಚಪ್ಪಟೆ ಬಿಲ್ಲೆ. ಈಗ ಆ ಮಗ್ಗುಲಿಗೆ ಮಲಗಿದರೂ ಏನೂ ಒತ್ತುವುದಿಲ್ಲ.