ವಿವರಣಾತ್ಮಕ ಪ್ರಬಂಧ ಬರೆಯಲು ಕಲಿಸುವ ಬಗೆ

ವಿವರಣಾತ್ಮಕ ಪ್ರಬಂಧವನ್ನು ಕಲಿಸುವಾಗ ‘ಪರಿಸರ ಮಾಲಿನ್ಯ’ದಂಥ ಹಳಸಿದ ವಿಷಯಗಳನ್ನು ಬದಿಗಿಟ್ಟು, ಮಕ್ಕಳು ಕಣ್ಣಾರೆ ಕಂಡದ್ದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಹಾವೇರಿ ಜಿಲ್ಲೆಯ ಶಾಲೆಯಾದರೆ ಬ್ಯಾಡಗಿ ಮೆಣಸಿನಕಾಯಿ ಇದ್ದೇ ಇದೆ. ಆದರೆ ಅಷ್ಟು ಹೇಳಿದರೆ ಅದು ಬರಿಯ ಶೀರ್ಷಿಕೆ. ‘ಇದು ಇಷ್ಟು ಕೆಂಪಗಿದ್ದರೂ ಖಾರ ಕಡಿಮೆ ಏಕೆ?’ ಎಂಬ ಒಂದೇ ಪ್ರಶ್ನೆಗೆ ಅದನ್ನು ಇಳಿಸಿದಾಗ ಮಾತ್ರ ಪ್ರಬಂಧಕ್ಕೆ ದಾರಿ ಸಿಗುತ್ತದೆ.

ಉತ್ತರವನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆಯಿಸಿರಿ: ಬಣ್ಣ ಕೊಡುವ ವಸ್ತು ಬೇರೆ, ಖಾರ ಕೊಡುವ ಕ್ಯಾಪ್ಸೈಸಿನ್ ಬೇರೆ, ಈ ಕಾಯಿಯಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಮುಂದಿನ ಪ್ರತಿಯೊಂದು ಪರಿಚ್ಛೇದವೂ ಈ ವಾಕ್ಯದ ಒಂದೊಂದು ಭಾಗವನ್ನು ಬಿಡಿಸಿ ಹೇಳಬೇಕು. ಹಾಗೆ ಬಿಡಿಸದ ಸಂಗತಿಯು, 2011ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಂಥ ಹೆಮ್ಮೆಯ ವಿಷಯವಾಗಿದ್ದರೂ, ಹೊರಗೇ ಉಳಿಯಲಿ. ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ: ಗೊತ್ತಿರುವುದನ್ನೆಲ್ಲ ತುರುಕುತ್ತಾರೆ, ಇಲ್ಲವೆ ‘ನಮ್ಮ ಮೆಣಸಿನಕಾಯಿಯೇ ಶ್ರೇಷ್ಠ’ ಎಂದು ವಾದಕ್ಕಿಳಿಯುತ್ತಾರೆ. ಅಂಥ ಹೊಗಳಿಕೆಯ ಪದಗಳ ಕೆಳಗೆ ಗೆರೆ ಎಳೆದು, ಆ ಜಾಗದಲ್ಲಿ ಕಾರಣವನ್ನೋ ಉದಾಹರಣೆಯನ್ನೋ ಬರೆಯಲು ಹೇಳಿರಿ. (ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದವರಿಗೇ ಇದು ಹೆಚ್ಚು ಕಷ್ಟ.)

ಪೀಠಿಕೆಯನ್ನು ಕೊನೆಗೆ ಬರೆಯಿಸಿದರೂ ನಡೆಯುತ್ತದೆ. ಕಾಗುಣಿತವನ್ನು ತಿದ್ದುವುದಕ್ಕೆ ಮುಂಚೆ, ಬರಹವನ್ನು ಪಕ್ಕದ ವಿದ್ಯಾರ್ಥಿಗೆ ಓದಲು ಕೊಟ್ಟು, ಕಾರಣವನ್ನು ಅವನಿಂದ ಬಾಯಿಮಾತಿನಲ್ಲಿ ಹೇಳಿಸಿರಿ; ಅವನು ತಡವರಿಸಿದ ಭಾಗವನ್ನೇ ಮತ್ತೆ ಬರೆಯಿಸಬೇಕು.