ರೆಕ್ಕೆಯ ತಿರುಚು ಸರಿಹೋಗಿದ್ದು ಹೀಗೆ

ನನ್ನ ಕಿಟ್ ವಿಮಾನದ (ಬಿಡಿಭಾಗ ತಂದು ನಾನೇ ಜೋಡಿಸುತ್ತಿರುವುದು) ರೆಕ್ಕೆ ಬುಡದಿಂದ ತುದಿಯವರೆಗೆ ಒಂದೇ ಅಗಲ, ಒಂದೇ ಕೋನ. ಕೊನೆಯ ತಗಡಿಗೆ ರಿವೆಟ್ ಹೊಡೆದ ಮೇಲೆ ತಿರುಚು ಇದ್ದರೆ ತೆಗೆಯೋದು ತುಂಬಾ ಕಷ್ಟ. ವಿಮಾನ ಸದಾ ಒಂದು ಕಡೆಗೆ ವಾಲುತ್ತದೆ. ಅದಕ್ಕೇ ಮೊದಲೇ ಪರೀಕ್ಷಿಸಿದೆ.

ರೆಕ್ಕೆಯನ್ನು ಮುಂಅಂಚು ಮೇಲಾಗಿ ಚೌಕಟ್ಟಿನಲ್ಲಿ ನಿಲ್ಲಿಸಿದ್ದೆ. ರೆಕ್ಕೆಯ ಉದ್ದಕ್ಕೂ ಎರಡು ಸ್ಪಾರ್, ಅಂದರೆ ತೊಲೆಗಳು: ಮುಂದೆ ಮುಖ್ಯದು, ಹಿಂದೆ ಇನ್ನೊಂದು. ಮುಖ್ಯ ಸ್ಪಾರ್‌ನ ಬುಡ, ತುದಿ ಎರಡೂ ಕಡೆಯಿಂದ ತೂಗುಗುಂಡು ಇಳಿಬಿಟ್ಟು, ದಾರದಿಂದ ಹಿಂದಿನ ಸ್ಪಾರ್‌ಗೆ ಎಷ್ಟು ದೂರ ಅಂತ ಅಳೆದೆ. ಎರಡೂ ಕಡೆ ಸಮ ಇದ್ದರೆ ತಿರುಚು ಇಲ್ಲ ಅಂತ. ಗುಂಡು ಓಲಾಡುತ್ತಲೇ ಇತ್ತು. ನೀರಿನ ಡಬ್ಬಿಯಲ್ಲಿ ಮುಳುಗಿಸಿದೆ, ಸುಮ್ನೆ ನಿಂತಿತು. ಆಗ ಗೊತ್ತಾಯ್ತು, ಬುಡಕ್ಕಿಂತ ತುದಿಯಲ್ಲಿ 3 ಮಿ.ಮೀ. ಜಾಸ್ತಿ!

ಹಿಂದಿನ ಸ್ಪಾರ್ ಹಿಡಿದಿದ್ದ ಮರದ ಆಸರೆ ಉಬ್ಬಿತ್ತು. ಬೋಲ್ಟ್ ಸಡಿಲಿಸಿ, ಆಸರೆ ಕೆತ್ತಿ, ಮತ್ತೆ ಬಿಗಿದೆ. ಬಿಗಿಯುವಾಗಲೂ ಅಳತೆ ಜರುಗುತ್ತದೆ, ಹಾಗಾಗಿ ಬಿಗಿದ ನಂತರದ ಅಳತೆಯನ್ನೇ ನಂಬಬೇಕು. ಈಗ ಎರಡೂ ಕಡೆ ಸಮ. ನಾಳೆಯಿಂದ ರಿವೆಟ್ ಕೆಲಸ.