ಲ್ಹೊತಾ ಎಂದರೆ ಒಂದು ಗಡುವು

ಜೆಕ್ ದೇಶದ ಪ್ರಾಗ್‌ಗೆ ಕೆಲಸಕ್ಕೆ ಬಂದ ಮೊದಲ ವರ್ಷ, ರಜೆ ಸಿಕ್ಕಾಗಲೆಲ್ಲ ಸೈಕಲ್ ಹತ್ತಿ ಹಳ್ಳಿ ಕಡೆ ಹೋಗುತ್ತಿದ್ದೆ. ಊರು ಶುರುವಾಗುವಲ್ಲಿ ಬಿಳಿ ಹಲಗೆ, ಅದರ ಮೇಲೆ ಕಪ್ಪು ಅಕ್ಷರ. ಹೆಸರು ಬರೆದುಕೊಂಡು ಬಂದು ರಾತ್ರಿ ಡಿಕ್ಷನರಿ ತೆಗೆಯುತ್ತಿದ್ದೆ.

ಹಾಗೆ ಹುಡುಕಿಯೇ ಮೊದಲು ಎಡವಿದ್ದು. ಪ್ರಾಗ್‌ನಿಂದ ದಕ್ಷಿಣಕ್ಕೆ ಪ್ಸಾರಿ ಅಂತ ಊರಿದೆ. ಜೆಕ್‌ನಲ್ಲಿ ‘ಪ್ಸಾತ್’ ಅಂದರೆ ಬರೆಯುವುದು, ಹಾಗಾದರೆ ಇದು ಬರಹಗಾರರ ಊರು ಅಲ್ವಾ ಅಂದುಕೊಂಡೆ. ಅಲ್ಲ. ‘ಪೆಸ್’ ಅಂದರೆ ನಾಯಿ. ದೊರೆಯ ಬೇಟೆನಾಯಿ ಸಾಕುತ್ತಿದ್ದವರು ಅಲ್ಲಿದ್ದರು. ಮಿದ್ಲೊವರಿ ಸೋಪು ಕಾಯಿಸುವವರದು, ಷ್ತೀತರಿ ಗುರಾಣಿ ಮಾಡುವವರದು.

ಆಮೇಲೆ ಹೆಸರಿನ ಬಾಲ ನೋಡಲು ಕಲಿತೆ. ಭಾಷೆಯ ಕ್ಲಾಸಿನಲ್ಲಿ ಚೆಸ್ಕೆ ಬುದ್ಯೆಯೊವಿಟ್ಸೆ ಎಂಬ ಊರಿನ ಹೆಸರನ್ನು ಏಕವಚನದಲ್ಲಿ ಹೇಳಿದಾಗ ಟೀಚರ್ ತಿದ್ದಿದರು: ಆ ಹೆಸರು ಬಹುವಚನ. ಯಾಕೆ ಅಂತ ಮನೆಗೆ ಬಂದು ಹುಡುಕಿದೆ. ‘-ಒವಿಟ್ಸೆ’ ಎಂದರೆ ಇಂಥವನ ಕಡೆಯ ಜನ. ಬುದಿವೊಯ್ ಎಂಬವನ ಜನ ಇದ್ದ ಜಾಗ ಅದು. ಜನರನ್ನು ಕರೆಯುತ್ತಿದ್ದ ಹೆಸರೇ ನೆಲಕ್ಕೂ ಅಂಟಿಕೊಂಡಿದೆ. ವ್ಯಾಕರಣದಲ್ಲಿ ಆ ಜನ ಇನ್ನೂ ಇದ್ದಾರೆ!

ಈಗ ಸುಮ್ನೆ ಊಹಿಸುವುದಿಲ್ಲ. ಹಳೆಯ ದಾಖಲೆಯಲ್ಲಿ ಹೆಸರು ಹೇಗಿತ್ತು ಅಂತ ಮೊದಲು ನೋಡುತ್ತೇನೆ. ದೇಶದ ಪಶ್ಚಿಮ ಭಾಗವಾದ ಬೊಹೆಮಿಯಾದ ಊರುಗಳಿಗೆ ಅಂತೋನಿನ್ ಪ್ರೊಫೌಸ್ ಅವರ ಸ್ಥಳನಾಮ ಕೋಶವಿದೆ. 1947ರಿಂದ 1957ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂತು. ಲೈಬ್ರರಿಯಲ್ಲಿ ಅದನ್ನು ತೆರೆದರೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಹೆಸರು ಲ್ಹೊತಾ. ದೇಶದಲ್ಲಿ 300ಕ್ಕೂ ಹೆಚ್ಚು ಲ್ಹೊತಾಗಳಿವೆ. ಒಮ್ಮೆ ಬಸ್ ಹತ್ತಿ ಬೇರೆಯದೇ ಲ್ಹೊತಾದಲ್ಲಿ ಇಳಿದು, ಮುಂದಿನ ಬಸ್ಸಿಗೆ ಎರಡು ಗಂಟೆ ಕಾದೆ. ಹಳೆಯ ಮಾತಿನಲ್ಲಿ ಲ್ಹೊತಾ ಎಂದರೆ ರಿಯಾಯಿತಿ. ಇಂದಿನ ಜೆಕ್‌ನಲ್ಲಿ ಗಡುವಿಗೆ ಹೇಳುವ ‘ಲ್ಹೂತಾ’ ಅದೇ ಬೇರಿನದು. ಮಧ್ಯಯುಗದಲ್ಲಿ ಕಾಡು ಕಡಿದು ಊರು ಕಟ್ಟಲು ಬಂದವರಿಗೆ ಒಡೆಯ ಇಷ್ಟು ವರ್ಷ ಕಂದಾಯ ಬೇಡ ಎನ್ನುತ್ತಿದ್ದ. ಆ ಮಾತೇ ಊರಿನ ಹೆಸರಾಯಿತು.

ವಿಸೊಚಿನಾ ಬೆಟ್ಟಸೀಮೆಯ ಒಂದು ಲ್ಹೊತಾದಲ್ಲಿ ಹೊಲದ ಅಂಚಿಗೆ ಕಲ್ಲುಗುಪ್ಪೆ ನೋಡಿದೆ. ಉಳುವಾಗ ಆಯ್ದು ಹಾಕಿದ್ದು, ಮೇಲೆ ಮುಳ್ಳುಪೊದೆ ಬೆಳೆದಿತ್ತು. ಒಂದು ಕಲ್ಲು ಎತ್ತಿ ನೋಡಿದೆ, ಎರಡೂ ಕೈ ಬೇಕಾಯಿತು. ಕಂದಾಯಕ್ಕೆ ಯಾಕೆ ಅಷ್ಟು ವರ್ಷ ಬಿಡುವು ಕೊಟ್ಟರು ಅಂತ ಆಗ ಗೊತ್ತಾಯಿತು.

ಅದೇ ಸೀಮೆಯಲ್ಲಿ ಝ್ದ್ಯಾರ್ ಎಂಬ ಊರಿದೆ. ಕಾಡು ಸುಟ್ಟು ತೆರವು ಮಾಡಿದ ಜಾಗ ಅಂತ ಅರ್ಥ. ಮುಂದಿನ ಸಲ ಅಲ್ಲಿಗೆ.